ಹೋತ ಆರಿಸುವ ಕೆಲಸ

ಹೆಂಡತಿಯ ತವರಿನಿಂದ ಬಂದ ವಸ್ತುವಿನ ಬಗ್ಗೆ ಗಂಡನಾದವನು ಬಾಯಿ ಬಿಡಬಾರದು. ಹಂಡೆ ಸೋರಿದರೂ ಅದು ಒಳ್ಳೆಯ ಹಂಡೆಯೇ. ಆದರೆ ನನ್ನ ಮನೆಗೆ ಬಂದದ್ದು ಆಡು. ಮುಂಡಗೋಡ ಕಡೆಯ ಇಂದೂರಿನಲ್ಲಿ ನನ್ನ ಅತ್ತೆ ಸಾಕಿದ ಆಡುಗಳು ಪ್ರತಿ ಸಲವೂ ಅವಳಿ ಮರಿ ಹಾಕುತ್ತಿದ್ದವಂತೆ. ಮಗಳು ಗಂಡನ ಮನೆಗೆ ಹೊರಟಾಗ ಅಂಥದೊಂದು ಹೆಣ್ಣು ಮರಿಯನ್ನು ಜೊತೆಗೆ ಕಳಿಸುವುದು ಆ ಮನೆಯ ಪದ್ಧತಿ. ಹಾಗಾಗಿ ಹಳಿಯಾಳದ ನನ್ನ ಬಾಡಿಗೆ ಮನೆಯೊಳಗೆ ಬಲಗಾಲಿಟ್ಟು ಬಂದವರು ಇಬ್ಬರು, ಗಿರಿಜಾ ಮತ್ತು ಅವಳ ಮರಿ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನನ್ನನ್ನು ಓಣಿಯವರು ಅಂದಿನಿಂದ ಆಡಿನ ಮಾಸ್ತರ ಎನ್ನತೊಡಗಿದರು. ನನಗೆ ಸಿಕ್ಕ ಬಿರುದು ಅದೊಂದೇ.

ಆ ಮೊದಲ ಆಡು ಮನೆತನದ ಮರ್ಯಾದೆ ಉಳಿಸಿತು. ಅದರ ಮಗಳು ಒಮ್ಮೆ ಎರಡು ಹಾಕಿದರೆ ಇನ್ನೊಮ್ಮೆ ಒಂದು. ಮೊಮ್ಮಗಳು ಗೌರಿಗೆ ಯಾವಾಗಲೂ ಒಂದೇ, ಅದೂ ಗಂಡು. ಇಂದೂರಿನಲ್ಲೂ ಹೀಗೇ ಆಗುತ್ತ ಬಂದು, ಅತ್ತೆ ತೀರಿಕೊಂಡ ಮೇಲೆ ಅಲ್ಲಿಯ ಕೊಟ್ಟಿಗೆ ಖಾಲಿಯಾಯಿತು. ನಮ್ಮ ಒಬ್ಬಳೇ ಮಗಳು ಸುಮಾಳಿಗೆ ರಾಮನಗರದ ಹುಡುಗ ಗೊತ್ತಾದಾಗ ಆ ತಳಿಯಲ್ಲಿ ಉಳಿದಿದ್ದವಳು ನಮ್ಮ ಹಿತ್ತಲಿನ ಗೌರಿ ಮಾತ್ರ. ಸುಮಾಳ ಜೊತೆ ಕಳಿಸಲು ಅದಕ್ಕೊಂದು ಹೆಣ್ಣು ಮರಿಯಾಗಬೇಕಿತ್ತು. "ಅವ್ವನ ಕೈಯಿಂದ ಬಂದದ್ದು ನನ್ನ ಕೈಯಾಗ ಮುಗೀಬಾರದ್ರಿ" ಎಂದಳು ಗಿರಿಜಾ. ತಳಿಗೆ ಬಿಡುವ ಹೋತದ ವಿಷಯದಲ್ಲಿ ನನ್ನ ಮಾವನವರದು ಒಂದೇ ಸೂತ್ರ: ಮಂದೆಯಲ್ಲಿ ಎಲ್ಲಕ್ಕಿಂತ ದಪ್ಪಗಿರುವುದೇ ಹೋತ, ಉಳಿದದ್ದೆಲ್ಲ ಸಂತೆಗೆ. ಊರವರದೂ ಅದೇ ಲೆಕ್ಕ. ಕೆರೆಯಾಚೆ ಕರುವಿನಷ್ಟು ದೊಡ್ಡದೊಂದು ಹೋತವಿದೆ ಎಂದು ತಿಳಿದು ಗಿರಿಜಾ ಹೊರಟಳು. ಗೌರಿಯ ಹಗ್ಗ ಹಿಡಿದು ಹಿಂದೆ ನಾನು. ದಾರಿಯಲ್ಲಿ ಎದುರಾದ ಹೆಡ್‌ಮಾಸ್ತರರು ಏನೂ ಕೇಳಲಿಲ್ಲ. ಕೇಳಿದ್ದರೇ ವಾಸಿಯಿತ್ತು.

ಲಗ್ನಪತ್ರಿಕೆ ಹಂಚುವ ಹೊತ್ತಿಗೆ ಗೌರಿಗೆ ನೋವು ಬಂತು. ಈ ಸಲವೂ ಒಂದೇ ಮರಿ, ತಲೆ ಮಾತ್ರ ಅಪ್ಪನದು. ಅದು ಅರ್ಧಕ್ಕೆ ಸಿಕ್ಕಿಕೊಂಡಿತು. ಡಾಕ್ಟರು ಬಂದು ಎಳೆದರು. ಮರಿ ಉಳಿಯಲಿಲ್ಲ, ಸಂಜೆಯೊಳಗೆ ಗೌರಿಯೂ ಉಳಿಯಲಿಲ್ಲ. ಗಿರಿಜಾ ಸೆರಗಿನಿಂದ ಅದರ ಮುಖ ಒರೆಸಿದಳು. ಅತ್ತೆ ಹೋದಾಗಲೂ ಅವಳು ಇಷ್ಟು ಹೊತ್ತು ಪಕ್ಕದಲ್ಲಿ ಕೂತಿರಲಿಲ್ಲ. ನನಗೆ ಸಮಾಧಾನದ ಒಂದು ಮಾತು ಸಹ ಹೊಳೆಯಲಿಲ್ಲ.

ಹೊಳೆದದ್ದು ಮುಂದಿನ ವಾರ, ಹತ್ತನೇ ಇಯತ್ತೆಗೆ ಬಟಾಣಿ ಗಿಡದ ಅನುವಂಶೀಯತೆಯ ಪಾಠ ಮಾಡುವಾಗ. ಪ್ರತಿ ವರ್ಷವೂ ಇದೇ ಪಾಠ ಮಾಡಿದ್ದೇನೆ, ಹಿತ್ತಲಿನ ಆಡು ಒಮ್ಮೆಯೂ ನೆನಪಾಗಿರಲಿಲ್ಲ. ಸಾಲೆ ಬಿಟ್ಟವನೇ ಮನೆಗೆ ಓಡಿ, ಅಕ್ಕಿ ಹಸನು ಮಾಡುತ್ತಿದ್ದ ಗಿರಿಜಾಳಿಗೆ ವಿವರಿಸಿದೆ. ಅವಳಿ ಮರಿಗಳು ಒಂದೇ ಹೊಟ್ಟೆ, ಒಂದೇ ಕೆಚ್ಚಲು ಹಂಚಿಕೊಂಡು ಬಡಕಲಾಗುತ್ತವೆ. ಒಂಟಿಯಾಗಿ ಹುಟ್ಟಿದ್ದು ಹಾಲನ್ನೆಲ್ಲ ತಾನೇ ಕುಡಿದು ದಪ್ಪಗಾಗುತ್ತದೆ. ದಪ್ಪಗಿದ್ದುದನ್ನೇ ಹೋತವೆಂದು ಆರಿಸಿ ಆರಿಸಿ, ಅವಳಿಯ ಗುಣವನ್ನು ನಾವೇ ಹಗ್ಗ ಕಟ್ಟಿ ಸಂತೆಗೆ ಕಳಿಸಿದ್ದೇವೆ. ಒಳ್ಳೆಯ ಪಾಠವೆಂದು ನನಗೇ ಅನ್ನಿಸಿತು. ದುಃಖದಲ್ಲಿದ್ದವರಿಗೆ ಪಾಠ ಬೇಕಿರುವುದಿಲ್ಲ ಎಂಬುದು ಮಾಸ್ತರರಿಗೆ ತಡವಾಗಿ ಗೊತ್ತಾಗುತ್ತದೆ.

ಅವಳು ಅಕ್ಕಿಯ ಮೊರದಿಂದ ಕಣ್ಣೆತ್ತದೆ ಹೇಳಿದಳು: "ಅಪ್ಪ ನಿಮ್ಮನ್ನೂ ಹಂಗ ಆರಿಸಿದ್ರು. ಒಬ್ಬನೇ ಮಗ, ಮೈಕೈ ತುಂಬ್ಕೊಂಡಾನ ಅಂತ."

ನಾನು ನಕ್ಕೆ. ಅವಳು ನಗಲಿಲ್ಲ. ಅಕ್ಕಿಯಿಂದ ಒಂದು ಕಲ್ಲು ಆರಿಸಿ ಎಸೆದು, "ಸುಮಾನ ಹುಡುಗಗ ಅಣ್ಣತಮ್ಮರು ಅದಾರೇನ್ರಿ?" ಎಂದು ಕೇಳಿದಳು.

ಅವನೂ ಒಬ್ಬನೇ ಮಗ. ಗಿರಿಜಾಳನ್ನು ಕರೆದೊಯ್ಯದೆ ಆ ಹುಡುಗನನ್ನು ನೋಡಿ ಬಂದು, ಬಾಗಿಲಲ್ಲಿ ತಲೆ ಬಗ್ಗಿಸಿಯೇ ಒಳಗೆ ಬರಬೇಕು, ಅಂಥ ಆಳು ಎಂದು ಮೆಚ್ಚಿ ಮಾತು ಕೊಟ್ಟವನು ನಾನೇ.