ಸೀನಿಗೊಂದು ಸ್ಕ್ರೂ

ಬೇರೆಯವರ ಮನೆಯಲ್ಲಿ ಅಪ್ಪ ಸೀನಿದರೆ ಯಾರಾದರೂ ಕರವಸ್ತ್ರ ಕೊಡುತ್ತಾರೆ. ನಮ್ಮ ಮನೆಯಲ್ಲಿ ಅಪ್ಪ ಸೀನಿದರೆ ನಾನು ನೆಲಕ್ಕೆ ಮೊಣಕಾಲೂರಿ ಟಾರ್ಚ್ ಹಚ್ಚಬೇಕು. ಏಕೆಂದರೆ ಅಪ್ಪ ಕೈಗಡಿಯಾರ ರಿಪೇರಿ ಮಾಡುವವರು. ಅವರ ಮೇಜಿನ ಮೇಲಿರುವ ಸ್ಕ್ರೂಗಳು ಎಳ್ಳಿಗಿಂತ ಸಣ್ಣವು, ಅವರ ಸೀನು ಲಾರಿಯ ಹಾರ್ನಿಗಿಂತ ದೊಡ್ಡದು. ಎರಡೂ ಎದುರುಬದುರಾದರೆ ಗೆಲ್ಲುವುದು ಯಾವುದೆಂದು ಬೇರೆ ಹೇಳಬೇಕಾಗಿಲ್ಲ.

ಒಂಬತ್ತನೇ ತರಗತಿಯಲ್ಲಿ ನಾನು ಶಾಲೆ ಬಿಟ್ಟೆ. (ಎದ್ದು ನಿಂತು ಉತ್ತರ ಹೇಳು ಅಂದರೆ ಉತ್ತರ ಬರುತ್ತಿತ್ತು, ದನಿ ಬರುತ್ತಿರಲಿಲ್ಲ.) ಅಂದಿನಿಂದ ಎರಡು ವರ್ಷ ಮನೆಯ ಮುಂದಿನ ಕೋಣೆಯಲ್ಲಿರುವ ಅಪ್ಪನ ಅಂಗಡಿಯೇ ನನ್ನ ಉದ್ಯೋಗಸ್ಥಾನ. ನನ್ನ ಹುದ್ದೆ ಮುಖ್ಯ ಸ್ಕ್ರೂ ಶೋಧಕಿ. ಟಾರ್ಚನ್ನು ನೆಲಕ್ಕೆ ಒರಗಿಸಿ ಹಿಡಿದರೆ ಎಂಥ ಸಣ್ಣ ಸ್ಕ್ರೂವಿಗೂ ಉದ್ದನೆಯ ನೆರಳು ಬೀಳುತ್ತದೆ. "ಅಲ್ಲಾಡಬೇಡಿ ಅಪ್ಪ, ತುಳಿದುಬಿಡ್ತೀರ," ಎನ್ನುತ್ತಾ ನಾನು ಆ ನೆರಳನ್ನು ಹುಡುಕಬೇಕು. ಆದರೆ ನನ್ನ ಆಸೆಯೆಲ್ಲ ಮೇಲಿತ್ತು. ಅಪ್ಪನ ಪಕ್ಕದ ಎತ್ತರದ ಸ್ಟೂಲಿನಲ್ಲಿ ಕೂತು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಒಂದೇ ಒಂದು ಗಡಿಯಾರವನ್ನಾದರೂ ನಾನೇ ಜೋಡಿಸಬೇಕು.

"ಕಲಿಸ್ತೀನಿ ಪುಟ್ಟಿ," ಎಂದು ಅಪ್ಪ ಪ್ರತಿ ಸೋಮವಾರ ಹೇಳುತ್ತಿದ್ದರು. "ಒಂದು ವಾರ ನಾನು ಸೀನದೆ ಕೂತರೆ ಆ ಸ್ಟೂಲು ನಿಂದೇ. ಈಗ ನೋಡು, ಕೈ ಬಿಡುವಾದ್ರೆ ತಾನೇ... ತಾನೇ..."

ಮಾತಿನ ಉಳಿದರ್ಧ ಸೀನಿನಲ್ಲಿ ಮುಗಿಯುತ್ತಿತ್ತು. ನಾನು ಮೊಣಕಾಲೂರುತ್ತಿದ್ದೆ.

ಬರೀ ಸೀನಾಗಿದ್ದರೆ ಹೇಗೋ ಸುಧಾರಿಸಬಹುದಿತ್ತು. ಕಣ್ಣು ತುರಿಸಿ ನೀರು ಸುರಿದು ಭೂತಗನ್ನಡಿಗೆ ಒಳಗಿನಿಂದಲೇ ಮಂಜು ಕವಿಯುತ್ತಿತ್ತು. ಕಿವಿ ಕಟ್ಟಿ ಟಿಕ್ ಟಿಕ್ ಕೇಳುತ್ತಿರಲಿಲ್ಲ. ಚೆನ್ನಾಗಿ ನಡೆಯುತ್ತಿದ್ದ ಗಡಿಯಾರವನ್ನು ನಿಂತಿದೆ ಎಂದು ಬಿಚ್ಚಿ, ನಿಜವಾಗಿಯೂ ನಿಲ್ಲಿಸಿದ್ದುಂಟು. ಮೂಗು ಕಟ್ಟಿ ರಾತ್ರಿ ನಿದ್ದೆಯಿಲ್ಲ, ಹಗಲು ಚಿಮುಟ ಹಿಡಿದಲ್ಲೇ ತೂಕಡಿಕೆ.

ಅಮ್ಮ ಸಿಟಿ ಬಸ್ಸಿನ ಕಂಡಕ್ಟರ್. "ನಿಮ್ಮಪ್ಪನಿಗಿರೋದು ಒಂದು ಕಾಯಿಲೆ ಅಲ್ಲ ಕಣೇ, ಬಸ್ ತುಂಬ ಇದೆ," ಎಂದಳು. "ಒಂದಾದ್ರೂ ಇಳಿಯೋ ಹಾಗೆ ಕಾಣಲ್ಲ."

ನಾವು ಒಂದೊಂದಕ್ಕೂ ಬೇರೆ ಬೇರೆ ಚಿಕಿತ್ಸೆ ಮಾಡಿದೆವು. ಕಣ್ಣಿಗೆ ತಣ್ಣೀರು ಬಟ್ಟೆ, ಕಿವಿಗೆ ಹತ್ತಿ, ಗಂಟಲಿಗೆ ಬಿಸಿನೀರು, ಮೂಗಿಗೆ ಔಷಧಿ ಅಂಗಡಿಯ ಸ್ಪ್ರೇ. ಆ ಸ್ಪ್ರೇಯನ್ನು ಅಪ್ಪ ಹತ್ತು ಸೀನು ಸೀನಿದ ಮೇಲೆ, ನಕ್ಷತ್ರ ಎಣಿಸುವವರ ಹಾಗೆ ತಲೆ ಹಿಂದಕ್ಕೆ ಚೆಲ್ಲಿ ಹೊಡೆದುಕೊಳ್ಳುತ್ತಿದ್ದರು. ಅದು ಮೂಗಿನಲ್ಲಿ ನಿಲ್ಲದೆ ನೇರ ಗಂಟಲಿಗೆ ಇಳಿಯುತ್ತಿತ್ತು. "ಕಹಿ ಇದೆ, ಅಂದ್ಮೇಲೆ ಒಳ್ಳೆ ಔಷಧಿ," ಎನ್ನುತ್ತಿದ್ದರು.

ಆಗ ನನಗೊಂದು ಉಪಾಯ ಹೊಳೆಯಿತು. ಔಷಧಿ ಅಂಗಡಿಯ ಗೋಡೆಯ ಮೇಲೆ 'ಅಲರ್ಜಿಗೆ ಧೂಳೇ ಶತ್ರು' ಎಂದು ಬರೆದಿತ್ತು. ಮರುದಿನವೇ ಧೂಳು ನಿರ್ಮೂಲನಾ ಮಹಾಭಿಯಾನ ಆರಂಭಿಸಿದೆ. ಒಂದು ನೋಟ್‌ಬುಕ್ಕಿಗೆ ಗೆರೆ ಹಾಕಿ ಅಂಕಣ ಮಾಡಿದೆ: ಹೊತ್ತು, ಸೀನು, ಕಣ್ಣು, ಕಿವಿ, ನಾನು ಮಾಡಿದ ಕೆಲಸ.

ಗಡಿಯಾರದ ಹತ್ತಿರ ನೀರು ತಂದರೆ ತುಕ್ಕು ತಂದ ಹಾಗೆ ಎನ್ನುವುದು ಅಪ್ಪನ ಕಾನೂನು. ಆದ್ದರಿಂದ ನನ್ನದೆಲ್ಲ ಒಣ ಕೆಲಸ. ಗಂಟೆಗೊಮ್ಮೆ ಪೊರಕೆಯಿಂದ ಗುಡಿಸಿದೆ. ಕಪಾಟಿನ ಮೇಲಿನ ಧೂಳನ್ನು ಬ್ರಷ್ಷಿನಿಂದ ಕೆಳಗೆ ಬೀಳಿಸಿದೆ, ಕೆಳಗಿನದನ್ನು ಮತ್ತೆ ಗುಡಿಸಿದೆ. ಕಸದಲ್ಲಿ ಸ್ಕ್ರೂ ಇದ್ದರೆ ಎಂದು ಅಲ್ಲೇ, ಅಪ್ಪನ ಕಾಲ ಬುಡದಲ್ಲೇ ಕೂತು ಜರಡಿ ಹಿಡಿದೆ. ನಡುನಡುವೆ ಮೂಗಿನ ತುದಿಯನ್ನು ಅಂಗೈಯಿಂದ ಮೇಲಕ್ಕೆ ಉಜ್ಜಿಕೊಳ್ಳುತ್ತಿದ್ದೆ. (ಇದು ನನ್ನ ಹಳೆಯ ಅಭ್ಯಾಸ. ಯಾರಿಗೆ ಸಲಾಂ ಹೊಡೀತಿದೀಯೆ ಎಂದು ಅಮ್ಮ ಕೇಳುತ್ತಿರುತ್ತಾಳೆ.)

"ಅದು ಹಿಟ್ಟಿನ ಜರಡಿ ಅಲ್ವೇನೇ?" ಅಮ್ಮ ಬಾಗಿಲಲ್ಲೇ ನಿಂತಳು.

"ಜರಡಿ ಕಣ್ಣು ಸಣ್ಣದಾಗಿದೆಯಮ್ಮ. ನಿನ್ನೆ ಇದರಲ್ಲಿ ಎರಡು ಸ್ಕ್ರೂ ಸಿಕ್ತು."

"ಗೊತ್ತು. ಮೂರನೇದು ಬೆಳಗ್ಗೆ ನನ್ನ ಹಲ್ಲಿಗೆ ಸಿಕ್ತು."

ಮೊದಲ ವಾರ ದಿನಕ್ಕೆ ನಲವತ್ತು ಸೀನು. ಎರಡನೇ ವಾರ ಅರವತ್ತೆರಡು. ನಾನು ಕೂತು ಗಂಭೀರವಾಗಿ ಯೋಚಿಸಿ, ಗುಡಿಸಿದ್ದು ಸಾಲದು ಎಂಬ ತೀರ್ಮಾನಕ್ಕೆ ಬಂದೆ. ಅರ್ಧ ಗಂಟೆಗೊಮ್ಮೆ ಗುಡಿಸತೊಡಗಿದೆ.

ಆ ಶನಿವಾರ ನಿವೃತ್ತ ರೈಲು ಚಾಲಕರೊಬ್ಬರು ತಮ್ಮ ಗಡಿಯಾರ ಒಯ್ಯಲು ಬಂದು, ಮೇಜಿನ ಮುಂದೆ ಬಗ್ಗಿ ನೋಡುತ್ತಾ ನಿಂತಿದ್ದರು. ಸೆಕೆಂಡ್ ಮುಳ್ಳೊಂದು ಕೂರಿಸಿದರೆ ಕೆಲಸ ಮುಗಿಯಿತು. ಗಿರಾಕಿಯ ಎದುರು ಶುಭ್ರವಾಗಿರಲಿ ಎಂದು ನಾನು ಆಗಷ್ಟೇ ಗುಡಿಸಿದ್ದೆ. ಅಪ್ಪ ಸೀನಿದರು. ಒಂದಲ್ಲ, ಹನ್ನೊಂದು. ಮುಳ್ಳು ಮಾಯ. ಮುಕ್ಕಾಲು ಗಂಟೆ ಹುಡುಕಿದರೂ ನೆರಳಿಲ್ಲ. ಕೊನೆಗೆ ಡ್ಯೂಟಿ ಮುಗಿಸಿ ಬಂದ ಅಮ್ಮ, "ಸ್ವಲ್ಪ ಹಾಗೇ ನಿಲ್ಲಿ," ಎಂದು ಚಾಲಕರ ಪೊದೆ ಮೀಸೆಯಿಂದ ಅದನ್ನು ಹೆಕ್ಕಿ ತೆಗೆದಳು.

"ಮೂವತ್ತೈದು ವರ್ಷ ರೈಲು ಒಂದು ನಿಮಿಷ ತಡ ಆಗೋಕೆ ಬಿಟ್ಟವನಲ್ಲ ನಾನು," ಎಂದರು ಚಾಲಕರು. "ನನ್ನ ಸೆಕೆಂಡು ನನ್ನ ಮೀಸೆಯಲ್ಲೇ ನಿಂತುಬಿಡ್ತಲ್ಲ."

"ಸಾಕು," ಎಂದಳು ಅಮ್ಮ. "ಸೋಮವಾರ ಬೆಳಗ್ಗೆ ಎಲ್ರೂ ಡಾಕ್ಟರ ಹತ್ರ."

ಡಾಕ್ಟರಮ್ಮ ಅಪ್ಪನ ಮೂಗು, ಕಣ್ಣು, ಕಿವಿ, ಗಂಟಲು ಎಲ್ಲ ನೋಡಿದರು. "ನಾಲ್ಕು ಕಾಯಿಲೆ ಅಲ್ಲ, ಒಂದೇ," ಎಂದರು. "ಮೂಗಿನ ಅಲರ್ಜಿ. ಇವೆಲ್ಲ ಒಂದೇ ವಠಾರದ ಮನೆಗಳು. ಮೂಗಿನ ಮನೆಯಲ್ಲಿ ಜಗಳ ಆದ್ರೆ ಪಕ್ಕದವರಿಗೂ ನಿದ್ದೆ ಇಲ್ಲ. ಸ್ಪ್ರೇ ಹೇಗೆ ಹಾಕ್ತೀರ?"

ಅಪ್ಪ ತಲೆ ಹಿಂದಕ್ಕೆ ಚೆಲ್ಲಿ ತೋರಿಸಿದರು.

"ತಲೆ ಸ್ವಲ್ಪ ಮುಂದಕ್ಕೆ. ಮೂಗಿನ ನಡುಗೋಡೆಗಲ್ಲ, ಹೊರಗಡೆ, ಕಿವಿಯ ದಿಕ್ಕಿಗೆ ಹೊಡೀರಿ. ಸೀನು ಬರಲಿ ಬಿಡಲಿ, ದಿನಾ ಹಾಕಬೇಕು. ಒಂದೆರಡು ವಾರ ತಾಳ್ಮೆ ಇರಲಿ. ನೀವು ಗಡಿಯಾರಕ್ಕೆ ಅದು ನಿಂತ ಮೇಲೆ ಕೀಲಿ ಕೊಡ್ತೀರೋ, ದಿನಾ ಕೊಡ್ತೀರೋ?"

ಅಪ್ಪ ತಪ್ಪೊಪ್ಪಿಕೊಂಡವರ ಹಾಗೆ ತಲೆ ತಗ್ಗಿಸಿದರು. (ಸ್ಪ್ರೇಗೆ ಸರಿಯಾದ ಭಂಗಿಯೂ ಅದೇ.) ಡಾಕ್ಟರಮ್ಮ ಕಣ್ಣಿನ ತುರಿಕೆಗೆ ಹನಿ ಬರೆದುಕೊಟ್ಟರು.

ನಾನು ಅಮ್ಮನ ಬೆನ್ನ ಹಿಂದಿನಿಂದ ನೋಟ್‌ಬುಕ್ ಚಾಚಿದೆ.

"ಎಷ್ಟು ಅಚ್ಚುಕಟ್ಟಾಗಿದೆ. ಯಾರು ಬರೆದಿದ್ದು?"

"ನಮ್ಮ ಹುಡುಗಿ," ಎಂದಳು ಅಮ್ಮ. "ಮಾತು ಕಮ್ಮಿ, ಅಕ್ಷರ ಮುತ್ತು."

ನನ್ನ ಕಿವಿ ಬಿಸಿಯಾಯಿತು. ಡಾಕ್ಟರಮ್ಮ ಗಟ್ಟಿಯಾಗಿ ಓದತೊಡಗಿದರು. "ಹತ್ತು ಗಂಟೆ, ಗುಡಿಸಿದೆ. ಹತ್ತೂ ಹತ್ತು, ಸೀನು ಒಂಬತ್ತು. ಹತ್ತೂವರೆ, ಜರಡಿ. ಹತ್ತೂ ಮುಕ್ಕಾಲು, ಸೀನು ಹನ್ನೆರಡು, ಕಣ್ಣೀರು ಧಾರಾಳ. ಭಾನುವಾರ, ನಾನು ಅಜ್ಜಿ ಮನೆಗೆ ಹೋಗಿದ್ದೆ, ಗುಡಿಸಲಿಲ್ಲ. ಅಪ್ಪ ಹೇಳಿದ ಪ್ರಕಾರ ಸೀನು ಎರಡು." ಅವರು ಕನ್ನಡಕದ ಮೇಲಿಂದ ನೋಡಿದರು. "ಮಗೂ, ಇದನ್ನ ಬರೆದ ಮೇಲೆ ಒಂದು ಸಲ ಓದಲಿಲ್ವಾ?"

"ಓದಿದೆ ಡಾಕ್ಟ್ರೇ," ಎಂದೆ. "ಅಕ್ಷರ ತಪ್ಪಿದೆಯಾ ಅಂತ."

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಸಾಲದ್ದಕ್ಕೆ ಎಷ್ಟು ಗಂಟೆಗೆ ಎಷ್ಟು ಮೇಯ್ದೆ ಎಂದು ಮುದ್ದಾಗಿ ಬರೆದೂ ಇಟ್ಟಿತ್ತು.

"ಇನ್ಮೇಲೆ ಒದ್ದೆ ಬಟ್ಟೆಯಿಂದ ಒರೆಸಬೇಕು," ಎಂದರು ಡಾಕ್ಟರಮ್ಮ. ಅಪ್ಪ ಬಾಯಿ ತೆರೆಯುವ ಮೊದಲೇ, "ಹಿಂಡಿದ ಬಟ್ಟೆ ಸ್ವಾಮಿ, ಕೆರೆ ತನ್ನಿ ಅನ್ನಲಿಲ್ಲ. ಗಡಿಯಾರದ ಮೇಲೆ ಗಾಜಿನ ಮುಚ್ಚಳ ಹಾಕಿಡಿ. ದಿಂಬಿನ ಚೀಲ ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೀರಿ. ಜರಡಿ ಅಡಿಗೆಮನೆಗೆ ವಾಪಸ್," ಎಂದು ಸೇರಿಸಿದರು.

ನಾವು ಏಳುವಾಗ ಅವರು ನನ್ನ ಮೂಗಿನ ಮೇಲಿನ ಅಡ್ಡಗೆರೆ ನೋಡಿ, "ನೀನು ಮೂಗು ಮೇಲಕ್ಕೆ ಉಜ್ತೀಯಾ? ನಿನ್ನನ್ನೂ ಒಂದು ಸಲ ನೋಡ್ಬೇಕಲ್ಲ," ಎಂದರು.

"ನನಗೇನಿಲ್ಲ," ಎಂದು ಅಮ್ಮನ ಹಿಂದೆ ಸರಿದೆ. ನನ್ನ ನೋಟ್‌ಬುಕ್ಕಿನಲ್ಲಿ ನನಗೆ ಅಂಕಣವೇ ಇರಲಿಲ್ಲ.

ಒಂದು ತಿಂಗಳು ಕಳೆಯಿತು. ಅಪ್ಪ ತಲೆ ಬಗ್ಗಿಸಿ ದಿನಾ ಕೀಲಿ ಕೊಟ್ಟುಕೊಂಡರು, ನಾನು ಹಿಂಡಿ ಹಿಂಡಿ ಒರೆಸಿದೆ. ಕಣ್ಣು ತಿಳಿಯಾಯಿತು, ಕಿವಿ ತೆರೆಯಿತು. ಒಂದು ಇಡೀ ವಾರ ಸೀನಿಲ್ಲದೆ ಮುಗಿದು ಸೋಮವಾರ ಬಂತು. ಅಪ್ಪ ಸ್ಟೂಲನ್ನು ಒದ್ದೆ ಬಟ್ಟೆಯಿಂದ ಒರೆಸಿ ಪಕ್ಕಕ್ಕೆ ಎಳೆದಿಟ್ಟರು.

ನಾನು ಹತ್ತಿ ಕೂತೆ. ಅಪ್ಪ ಮಂಚದ ಕೆಳಗಿನ ಪೆಟ್ಟಿಗೆಯಿಂದ, ತಾವು ಮೊಟ್ಟಮೊದಲು ಬಿಚ್ಚಿ ಕಲಿತ ಗಡಿಯಾರ ತಂದರು. ಇಪ್ಪತ್ತು ವರ್ಷದ ಧೂಳನ್ನು ಉಫ್ ಎಂದು ಊದಿ ನನ್ನ ಮುಂದಿಟ್ಟು, ಭೂತಗನ್ನಡಿಯನ್ನು ತಮ್ಮ ಕೈಯಾರೆ ನನ್ನ ಕಣ್ಣಿಗೆ ಸಿಕ್ಕಿಸಿದರು. ನನ್ನ ಕೈಯ ಚಿಮುಟದ ತುದಿಯಲ್ಲಿ ಸ್ಕ್ರೂ ನಡುಗದೆ ನಿಂತಿತ್ತು.

"ನಿಧಾನ ಪುಟ್ಟಿ. ಉಸಿರು ಬಿಗಿ ಹಿಡಿ."

ಹಿಡಿದೆ. ಉಸಿರು ನಿಂತಿತು, ಮೂಗು ನಿಲ್ಲಲಿಲ್ಲ.

ನನ್ನ ಸೀನು ಅಪ್ಪನದಕ್ಕಿಂತ ಸಣ್ಣದಿರಬಹುದು ಎಂದುಕೊಂಡಿದ್ದೆ. ದನಿಯೇ ಇಲ್ಲದ ಹುಡುಗಿ ಎಂದು ಮಾತಾಡಿಕೊಳ್ಳುತ್ತಿದ್ದ ಎದುರುಮನೆಯವರು ಕಿಟಕಿ ತೆರೆದು ನೋಡಿದರು.

ಅಪ್ಪ ಖಾಲಿ ಚಿಮುಟವನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಮೊಣಕಾಲು ಲಟಲಟ ಎನಿಸುತ್ತಾ ನೆಲಕ್ಕಿಳಿದು ಟಾರ್ಚ್ ಹಚ್ಚಿದರು. "ಅಲ್ಲಾಡಬೇಡ," ಎಂದರು ಮೇಜಿನಡಿಯಿಂದ, "ತುಳಿದುಬಿಡ್ತೀಯ."

ಡ್ಯೂಟಿಗೆ ಹೊರಟಿದ್ದ ಅಮ್ಮ ಡಾಕ್ಟರಮ್ಮನ ಫೋನ್ ನಂಬರಿದ್ದ ಚೀಟಿಯನ್ನು ಟಿಕೆಟ್ ಹರಿದು ಕೊಡುವ ಹಾಗೆ ನನ್ನ ಕೈಗಿಟ್ಟಳು. "ಸೀಟು ಸಿಕ್ಕಿತಲ್ಲ, ಇನ್ನು ಟಿಕೆಟ್ ತಗೋ."

ನಾನು ನೋಟ್‌ಬುಕ್ಕಿನ ಹೊಸ ಪುಟಕ್ಕೆ ಗೆರೆ ಹಾಕಿ, ಮೇಲೆ 'ನಾನು' ಎಂದು ಬರೆದೆ. ಕೆಳಗೆ: ಸೋಮವಾರ, ಹತ್ತೂ ಹತ್ತು, ಅಪ್ಪ ಧೂಳು ಊದಿದರು, ಸೀನು ಒಂದು, ಸ್ಕ್ರೂ ಒಂದು.

ಅಕ್ಷರ ತಪ್ಪಿರಲಿಲ್ಲ. ಆದರೂ ಈ ಸಲ ಇನ್ನೊಮ್ಮೆ ಓದಿದೆ.