ಡೀಸೆಲ್ ಗಾಡಿಯ ನಡುಕದ ಕುರಿತು

ಇಂದ:
ಮನೆಯ ಯಜಮಾನ (ಕಾಗದದ ಮೇಲೆ ಮಾತ್ರ)

ಗೆ:
ಮಾನ್ಯ ಧರ್ಮಪತ್ನಿಯವರು,
ಹೆಡ್ ಕ್ಲರ್ಕ್, ಆಫೀಸಿನಲ್ಲೂ ಮನೆಯಲ್ಲೂ

ವಿಷಯ: ಮನೆಗೆ ಕೊಳ್ಳುವ ಎಸ್‌ಯುವಿ ಪೆಟ್ರೋಲೋ ಡೀಸೆಲ್ಲೋ ಎಂಬ ಬಗ್ಗೆ.

ಉಲ್ಲೇಖ: ನಿನ್ನೆ ತಿಂಡಿ ಹೊತ್ತಿನಲ್ಲಿ ತಾವಿತ್ತ ಮೌಖಿಕ ಆದೇಶ: "ರೀ, ಬಾಯಲ್ಲಿ ಹೇಳ್ಬೇಡಿ, ಬರೆದು ಕೊಡಿ. ನೋಡೋಣ."

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರನು ತಮ್ಮಲ್ಲಿ ನಿವೇದಿಸಿಕೊಳ್ಳುವುದೇನೆಂದರೆ:

1. ಪೆಟ್ರೋಲ್ ಗಾಡಿಯೇ ಆಗಬೇಕೆಂಬ ತಮ್ಮ ವಾದದಲ್ಲಿ ಹುಳುಕಿಲ್ಲ. ಸದ್ದಿಲ್ಲ, ನಡುಕವಿಲ್ಲ, ಸ್ಕೂಲು, ಆಫೀಸು, ಮಾರ್ಕೆಟ್ಟು ಬಿಟ್ಟರೆ ನಾವು ದೂರ ಹೋಗುವವರೂ ಅಲ್ಲ. ಕಾರಣ, ಅರ್ಜಿದಾರನೂ ಹೋದ ಶನಿವಾರದವರೆಗೆ ಪೆಟ್ರೋಲ್ ಪಕ್ಷದಲ್ಲೇ ಇದ್ದನು.

2. ಸದರಿ ಶನಿವಾರ, ತಾವು ಆಫೀಸಿನಲ್ಲಿದ್ದಾಗ, ಟೆಸ್ಟ್ ಡ್ರೈವಿಗೆ ಅಪ್ಪನನ್ನೂ ಕರೆದೊಯ್ಯಲಾಯಿತು. ಮೂವತ್ತನಾಲ್ಕು ವರ್ಷ ಬಸ್ಸು ಓಡಿಸಿದ ಸದರಿಯವರು, ಒಂದೂವರೆ ವರ್ಷದ ಹಿಂದೆ ಕಿವಿ ಪೂರ್ತಿ ಮಂದವಾದ ಮೇಲೆ ಮಾತೂ ಬಿಟ್ಟು, ಗೋಡೆಗೆ ಮುಖ ಮಾಡಿ ಕೂರುವುದು ತಮಗೆ ತಿಳಿದ ವಿಷಯ.

3. ಪೆಟ್ರೋಲ್ ಗಾಡಿಯಲ್ಲಿ ಅಪ್ಪ ಮುಂದೆ ಕೂತು, "ಸ್ಟಾರ್ಟ್ ಮಾಡೋ, ಎಷ್ಟೊತ್ತು ಹಿಂಗೇ ಕೂತಿರ್ತೀಯ?" ಎಂದು ರೇಗಿದರು. ಗಾಡಿ ಸ್ಟಾರ್ಟ್ ಆಗಿ ಆಗಲೇ ಐದು ನಿಮಿಷವಾಗಿತ್ತು.

4. ಡೀಸೆಲ್ ಗಾಡಿಯಲ್ಲಿ ಸೀಟು ನಡುಗಿದ ಕೂಡಲೇ ಅಪ್ಪ ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಊರಿದರು. ಏರಿನಲ್ಲಿ, "ಉಸಿರು ಕಟ್ತಿದೆ ಅದಕ್ಕೆ, ಸೆಕೆಂಡ್‌ಗೆ ಇಳಿಸೋ!" ಎಂದರು. ಇಳಿಸಲಾಯಿತು. ಗಾಡಿ ಸರಾಗವಾಗಿ ಹತ್ತಿತು. "ನೋಡ್ದಾ?" ಎಂದು ನಕ್ಕರು. ಒಂದೂವರೆ ವರ್ಷದಲ್ಲಿ ಇದೇ ಮೊದಲು. ಅರ್ಜಿದಾರನಿಗೆ ಕಣ್ಣು ತುಂಬಿ ರಸ್ತೆ ಕಾಣದಾದ ಕಾರಣ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಬೇಕಾಯಿತು. ಆಗಲೂ ಅವರು ಕೈ ತೆಗೆಯದೆ, "ಆಫ್ ಮಾತ್ರ ಮಾಡ್ಬೇಡ" ಎಂದರು.

5. ಆದರೆ ನಡುಕ ಚೆನ್ನಾಗಿ ಸಿಗುವುದು ಮುಂದಿನ ಸೀಟಿನಲ್ಲಿ. ಅದು ಮದುವೆಯಾದಂದಿನಿಂದ ತಮ್ಮದು. ಹಿಂದೆ ಕೂತರೆ ತಮಗೆ ಹತ್ತೇ ನಿಮಿಷಕ್ಕೆ ವಾಂತಿ ಎಂಬುದಕ್ಕೆ ಇಡೀ ಬಳಗವೇ ಸಾಕ್ಷಿ. ಇನ್ನು ಸ್ಟಿಯರಿಂಗು ಮೊದಲಿನಿಂದಲೂ ಅರ್ಜಿದಾರನ ಕೈಯಲ್ಲೇ ಇದ್ದು, ತಮ್ಮ ಲೈಸೆನ್ಸು ಬೀರುವಿನಲ್ಲಿ ಹೊಸದರಂತೆಯೇ ಉಳಿದಿದೆ. ಆದ್ದರಿಂದ ಬೇರೆ ದಾರಿ ತೋಚುತ್ತಿಲ್ಲ.

ಕಾರಣ, ಡೀಸೆಲ್ ಗಾಡಿಯನ್ನು ಮಂಜೂರು ಮಾಡಿ, ಮುಂದಿನ ಸೀಟನ್ನು ತಮ್ಮ ಮಾವನವರಿಗೆ ತೆರವು ಮಾಡಿಕೊಡಬೇಕೆಂದು ಕೈಮುಗಿದು ಕೋರಲಾಗಿದೆ.

ತಮ್ಮ ಅಪ್ಪಣೆಯಿಲ್ಲದೆ ಒಂದು ಚಮಚವನ್ನೂ ಕೊಳ್ಳದ ವಿಶ್ವಾಸಿ,
(ಸಹಿ)

ಲಗತ್ತುಗಳು:
ಟೆಸ್ಟ್ ಡ್ರೈವಿನ ಚೀಟಿ ("ಚಾಲಕ" ಎಂದಿರುವ ಕಡೆ ಅಪ್ಪನೇ ಸಹಿ ಹಾಕಿರುತ್ತಾರೆ).
ವಾಂತಿ ಮಾತ್ರೆ, ಒಂದು ಸ್ಟ್ರಿಪ್.

ಷರಾ (ಕೆಂಪು ಇಂಕಿನಲ್ಲಿ): ಡೀಸೆಲ್ ಮಂಜೂರು. ಮುಂದಿನ ಸೀಟು ಮಾವನವರಿಗೆ. ಗಾಡಿ ಓಡಿಸುವವರಿಗೆ ವಾಂತಿ ಬರುವುದಿಲ್ಲವಂತೆ, ಆದ್ದರಿಂದ ಸ್ಟಿಯರಿಂಗು ನನಗೆ. ಗೇರು ಯಾವಾಗ ಬದಲಿಸಬೇಕೆಂದು ಮಾವ ಹೇಳುತ್ತಾರೆ. ಅರ್ಜಿದಾರರು ಹಿಂದೆ ಕೂರತಕ್ಕದ್ದು. ಮಾತ್ರೆ ಅವರೇ ಇಟ್ಟುಕೊಳ್ಳಲಿ.