ಮದ್ದೂರಿನಲ್ಲಿ ರೆಸ್ಟಿಗಿದ್ದದ್ದು

ನನಗೆ ಸುಮ್ಮನೆ ಕೂರಲು ಬರುವುದಿಲ್ಲ. ಇದನ್ನು ಇಷ್ಟು ವರ್ಷ ಹೆಮ್ಮೆಯಿಂದ ಹೇಳಿಕೊಂಡು ಬಂದಿದ್ದೇನೆ. ಈಚೆಗೆ ಸ್ವಲ್ಪ ತಗ್ಗಿದ ದನಿಯಲ್ಲಿ ಹೇಳುತ್ತೇನೆ, ಅಷ್ಟೇ ವ್ಯತ್ಯಾಸ. ಏಳನೇ ಕ್ಲಾಸಿಗೇ ಸ್ಕೂಲಿಗೆ ಕೈಮುಗಿದು ಸುಟ್ಟ ಮೋಟರಿನ ಮುಂದೆ ಕೂತವನು ಇವತ್ತಿಗೂ ಅಲ್ಲಿಂದ ಎದ್ದಿಲ್ಲ. ಕಿರುಗಾವಲಿನಲ್ಲಿ ನನ್ನದೊಂದು ರಿವೈಂಡಿಂಗ್ ಅಂಗಡಿಯಿದೆ. ಸುತ್ತಲಿನ ಗದ್ದೆಗಳ ಮೋಟರು ಸುಟ್ಟರೆ ಅದರ ಹೊಟ್ಟೆಯೊಳಗಿನ ಕರಕಲು ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ, ಮತ್ತೆ ನೀರೆತ್ತುವ ಹಾಗೆ ಮಾಡಿ ಕಳಿಸುತ್ತೇನೆ. ಓದಿದವರು ಮೀಟರು ಹಿಡಿದು ಹುಡುಕುವ ಕಾಯಿಲೆಯನ್ನು ನಾನು ಮೂಗಿನಿಂದಲೇ ಕಂಡುಹಿಡಿಯುತ್ತೇನೆ. ಜಂಬ ಎಂದುಕೊಳ್ಳಬೇಡಿ. ಜಂಬವೇ, ಆದರೂ ಹಾಗೆಂದುಕೊಳ್ಳಬೇಡಿ.

ನಮ್ಮ ಕಡೆ 'ರೆಸ್ಟು' ಎನ್ನುವ ಮಾತಿಗೆ ಒಂದೇ ಒಂದು ಅರ್ಥ. "ಅವ್ನಿಗೆ ಡಾಕ್ಟ್ರು ರೆಸ್ಟ್ ಏಳವ್ರೆ" ಎಂದರೆ ಸಾಕು, ಆ ಮನೆಯ ಮುಂದೆ ಚಪ್ಪಲಿಗಳು ಸಾಲುಗಟ್ಟುತ್ತವೆ. ಯಾರೂ ಬರಿಗೈಯಲ್ಲಿ ಬರುವುದಿಲ್ಲ; ಮೂಸಂಬಿಯೋ ಬನ್ನೋ ತರುತ್ತಾರೆ. ಮಲಗಿದವನ ಕಾಲ ಹತ್ತಿರ ಕೂತು, ಇದೇ ಕಾಯಿಲೆಯಲ್ಲಿ ಸತ್ತವರ ಕತೆ ಹೇಳಿ, ಧೈರ್ಯ ತುಂಬಿ ಹೋಗುತ್ತಾರೆ. ಕಾಯಿಲೆಯಿಲ್ಲದೆ ಹಗಲಲ್ಲಿ ಮಲಗಿದ ಗಂಡಸನ್ನು ಸೋಮಾರಿ ಎನ್ನುತ್ತಾರೆ. ಹೆಂಗಸು ಹಾಗೆ ಮಲಗುವ ಮಾತೇ ಇಲ್ಲ. ಸೊಂಟ ನೆಲಕ್ಕೆ ತಾಗಿದ ಕೂಡಲೇ ಬೇಲಿಯಾಚೆಯಿಂದ ಒಂದು ದನಿ ಬರುತ್ತದೆ: "ಯಾಕವ್ವ, ಉಸಾರಿಲ್ವಾ?" ಅಲ್ಲಿಗೆ ಅವಳು ಎದ್ದು ಕಸಬರಿಕೆ ಹಿಡಿಯಬೇಕು.

ಇಂಥ ನನ್ನನ್ನು ಭಾರತೀನಗರದ ಕಾಲೇಜಿನಲ್ಲಿ ಓದುವ ನನ್ನ ಮಗಳು ಕಾವ್ಯ ಬೆಂಗಳೂರು ರಸ್ತೆಯ ದೊಡ್ಡ ಆಟದ ಪಾರ್ಕಿಗೆ ಹೊರಡಿಸಿಬಿಟ್ಟಳು. ಮೂರು ದಿನದ ಲೆಕ್ಕಾಚಾರ ಅವಳದೇ. ಮೊದಲ ದಿನ ಪಾರ್ಕು, ಎರಡನೇ ದಿನ ರೆಸ್ಟು, ಮೂರನೇ ದಿನ ಮತ್ತೆ ಪಾರ್ಕು. ಉಳಿದುಕೊಳ್ಳುವುದು ಮದ್ದೂರಿನಲ್ಲಿ, ಹೊಳೆ ಕಡೆಯ ತೆಂಗಿನ ತೋಟದ ಮಧ್ಯೆ ಇರುವ ಬಿಳಿಯ ಲಾಡ್ಜಿನಲ್ಲಿ; ನಮಗೊಂದು ರೂಮು, ಪಕ್ಕದ್ದು ಅವಳಿಗೆ. "ಆಟ ಆಡಕ್ಕೂ ಮಧ್ಯೆ ರೆಸ್ಟು ಬೇಕೇನವ್ವ?" ಎಂದು ಕೇಳಿದ್ದಕ್ಕೆ, "ಅಪ್ಪ, ಪ್ರಪಂಚದಲ್ಲೆಲ್ಲ ಅಂಗೇ ಮಾಡದು, ನೀನ್ ಸುಮ್ಕಿರು" ಎಂದಳು.

ಮೊದಲ ದಿನ ನನ್ನನ್ನು ತಿರುಗಿಸದ ಯಂತ್ರ ಆ ಪಾರ್ಕಿನಲ್ಲಿ ಉಳಿಯಲಿಲ್ಲ. ಮೇಲೆ ಒಯ್ದರು, ಕೆಳಗೆ ಬಿಟ್ಟರು, ತಲೆಕೆಳಗು ಮಾಡಿದರು. ಉಳಿದವರು ಕಿರುಚುತ್ತಿದ್ದರೆ ನಾನು ಕಿವಿಗೊಟ್ಟು ಬೇರಿಂಗಿನ ಸದ್ದು ಕೇಳುತ್ತಿದ್ದೆ. ಜೀವಮಾನವೆಲ್ಲ ಮೋಟರು ತಿರುಗಿಸಿದವನನ್ನು ಅವತ್ತು ಮೋಟರುಗಳೆಲ್ಲ ಸೇರಿ ತಿರುಗಿಸಿ ಸೇಡು ತೀರಿಸಿಕೊಂಡವು.

ಸಂಜೆ ಲಾಡ್ಜಿನ ವರಾಂಡದಲ್ಲಿ ಒದ್ದೆ ತಲೆ ಒರೆಸಿಕೊಳ್ಳುತ್ತ ನನ್ನ ಹೆಂಡತಿ ಮಂಜುಳ ಒಂದು ಮಾತು ಹೇಳಿದಳು. ಅವಳು ಏನಾದರೂ ಬೇಕೆಂದು ಕೇಳುವುದೇ ಅಪರೂಪ; ಕೇಳಿದರೂ ಉಪ್ಪು ತನ್ನಿ, ಸೀಮೆಎಣ್ಣೆ ತನ್ನಿ ಎನ್ನುವಷ್ಟೇ. "ನಾಳೀಕೆ ನಾನು ಅಗಲೊತ್ತಲ್ಲಿ ಮನಗ್ತೀನಿ. ಇಪ್ಪತ್ತೆರಡು ವರ್ಸದಿಂದ ಒಂದಿನ ಅಗಲಲ್ಲಿ ಕಣ್ಮುಚ್ಚಿಲ್ಲ ನಾನು. ಇಲ್ಲಿ ನಮ್ ಗುರುತಿನೋರು ಯಾರೂ ಇಲ್ಲ, ಯಾಕವ್ವ ಅನ್ನೋರಿಲ್ಲ. ನೀವೂ ಎದ್ದು ಎಲ್ಗೂ ಓಗ್ಬ್ಯಾಡಿ, ಯಾರ್ನೂ ಕರ್ಕಂಡೂ ಬರ್ಬ್ಯಾಡಿ." ನಾನು ಆಗಲಿ ಎಂದೆ. ಮಾತಿಗೆ ತಪ್ಪಿದವನು ಎಂದು ಕಿರುಗಾವಲಿನಲ್ಲಿ ಯಾರೂ ನನ್ನನ್ನು ಅಂದದ್ದಿಲ್ಲ.

ಮಾರನೆಯ ಬೆಳಗ್ಗೆ ಎಚ್ಚರವಾದಾಗ ಮಂಚ ತೇಲುತ್ತಿತ್ತು. ಹಿಂದಿನ ದಿನ ತಿರುಗಿದ್ದೆಲ್ಲ ಮೈಯೊಳಗೇ ಉಳಿದು ಮೆಲ್ಲಗೆ ತೂಗುತ್ತಿತ್ತು. ಕಿಟಕಿಯ ತೆಂಗಿನ ಗರಿಗಳ ನೆರಳು ಗೋಡೆಯ ಮೇಲೆ ನೀರಿನ ಹಾಗೆ ಆಡುತ್ತಿತ್ತು. ದೂರದಲ್ಲಿ ರೈಲೊಂದು ಮದ್ದೂರನ್ನು ದಾಟಿತು. ಆ ಸದ್ದು ಸಣ್ಣಗಾಗಿ, ಸಣ್ಣಗಾಗಿ, ಎಲ್ಲಿ ಮುಗಿಯಿತು ಎಂದೇ ತಿಳಿಯಲಿಲ್ಲ. ಸದ್ದು ಹೀಗೆ ಮುಗಿಯುವುದನ್ನು ನಾನು ಎಂದೂ ಕೇಳಿರಲಿಲ್ಲ. ನನ್ನ ಅಂಗಡಿಯಲ್ಲಿ ಸದ್ದು ನಿಂತರೆ ಕರೆಂಟು ಹೋಗಿದೆ ಎಂದರ್ಥ.

ರೆಸ್ಟ್ ದಿನ ಏನೇನು ಮಾಡಬೇಕೆಂದು ಕಾವ್ಯ ಫೋನಿನಲ್ಲಿ ಪಟ್ಟಿ ಮಾಡಿಟ್ಟಿದ್ದಳು. ತಡವಾಗಿ ಏಳುವುದು, ನಿಧಾನವಾಗಿ ತಿಂಡಿ, ಬಿಸಿನೀರಿನಲ್ಲಿ ಕಾಲು ನೆನೆಸುವುದು, ಹೊಳೆ ದಂಡೆಯಲ್ಲಿ ಅಡ್ಡಾಡುವುದು, ಮಧ್ಯಾಹ್ನದ ನಿದ್ದೆ, ಸಂಜೆ ವಡೆ, ಕಾಫಿ. ನಾನು ಒಪ್ಪಿಕೊಂಡ ಕೆಲಸ ಬಾಕಿ ಇಡುವವನಲ್ಲ. ಒಂಬತ್ತೂವರೆಗೆಲ್ಲ ಎದ್ದು, ತಿಂದು, ಕಾಲು ನೆನೆಸಿ, ಹೊಳೆ ನೋಡಿ ಬಂದೆ. ವಡೆ ಸಂಜೆಯದೆಂದು ಬರೆದಿದ್ದರೂ ಅದನ್ನೂ ಮುಗಿಸಿದೆ. ಉಳಿದದ್ದು ನಿದ್ದೆಯೊಂದೇ. ಮಂಜುಳ ಮಾತ್ರ ಅವಸರ ಮಾಡಲಿಲ್ಲ. ಸ್ನಾನ ಮಾಡಿ, ಸೀರೆಯ ನೆರಿಗೆ ಸರಿ ಮಾಡಿಕೊಂಡು, ಮದುವೆಗೆ ಹೊರಟವಳ ಹಾಗೆ ನಿದ್ದೆಗೆ ಸಿದ್ಧಳಾಗುತ್ತಿದ್ದಳು.

ಆಗ ಫೋನು ಬಂತು. ನಮ್ಮೂರಿನ ಸಿದ್ದೇಗೌಡರು, ನನ್ನ ಹಳೆಯ ಗಿರಾಕಿ.

"ಏನ್ಲಾ ರಾಜಣ್ಣ, ಮೋಟ್ರು ಗುಂಯ್ ಅಂತದೆ, ತಿರುಗಕ್ಕಿಲ್ಲ. ಒಸಿ ಬಂದೋಗ್ಲಾ."

"ಆಗಕ್ಕಿಲ್ಲ ಕಣಣ್ಣ. ಮದ್ದೂರಲ್ಲಿ ರೆಸ್ಟಲ್ಲಿವ್ನಿ."

ಗೌಡರು ದನಿ ತಗ್ಗಿಸಿದರು. "ಜೊತೇಲಿ ಯಾರವ್ರಲಾ?"

"ಮಂಜುಳನೂ ಮಗ್ಳೂ ಅವ್ರೆ."

"ಮುಂದ್ಕೆ ಏನಂತೆ?"

ಪಾರ್ಕಿನ ವಿಷಯ ಕೇಳುತ್ತಿದ್ದಾರೆಂದುಕೊಂಡೆ. "ನಾಳೆ ಅತ್ತು ಗಂಟ್ಗೆ ಒಳಿಕೆ ಬುಡ್ತಾರೆ. ಸಂಜೆಗಂಟ ಈಚ್ಗೆ ಬರಂಗಿಲ್ಲ."

"ಸಂಜೆಗಂಟ್ಲಾ! ಸಿವ್ನೆ!" ಎಂದ ಗೌಡರು ಮೋಟರಿನ ಮಾತೇ ಬಿಟ್ಟು ದಾರಿ, ಮಹಡಿ, ರೂಮಿನ ನಂಬರು ಎಲ್ಲ ಕೇಳಿದರು. ಹೊಳೆ ಕಡೆಯ ಬಿಳಿ ಕಟ್ಟಡ ಎಂದು ನಾನೂ ಸಂತೋಷದಿಂದ ಹೇಳಿದೆ. ಗೌಡರಿಗೂ ಪಾರ್ಕಿಗೆ ಬರುವ ಆಸೆಯಿರಬೇಕು ಎಂದುಕೊಂಡೆ. ಸುಟ್ಟ ತಂತಿಯನ್ನು ಮೂಗಿನಿಂದ ಕಂಡುಹಿಡಿಯುವವನಿಗೆ ಇದರ ವಾಸನೆ ಹತ್ತಲಿಲ್ಲ.

ಹನ್ನೆರಡರ ಹೊತ್ತಿಗೆ ಮಂಜುಳ ಮಂಚದ ಮೇಲೆ ಕಾಲು ಚಾಚಿ, ಸೆರಗು ಹೊದ್ದು, ಕಣ್ಣು ಮುಚ್ಚಿದಳು. ಮುಖದ ಮೇಲೆ ಸಣ್ಣ ನಗುವಿತ್ತು. ಬಾಗಿಲು ಬಡಿದರು. ತೆರೆದರೆ ಸಿದ್ದೇಗೌಡರು, ಅವರ ಹೆಂಡತಿ ಪುಟ್ಟಮ್ಮಕ್ಕ. ಒಬ್ಬರ ಕೈಯಲ್ಲಿ ಮೂಸಂಬಿ, ಬನ್ನು. ಇನ್ನೊಬ್ಬರ ಕೈಯಲ್ಲಿ ಎರಡು ಎಳನೀರು. ತೆಂಗಿನ ತೋಟದ ಮಧ್ಯದ ಲಾಡ್ಜಿಗೆ ಕಿರುಗಾವಲಿನಿಂದ ಎರಡು ಬಸ್ಸು ಬದಲಿಸಿ ಎಳನೀರು ಬಂದಿತ್ತು.

"ಎದ್ದು ಓಡಾಡ್ತಿದ್ದೀಯಲ್ಲೋ!" ಎಂದು ಪುಟ್ಟಮ್ಮಕ್ಕ ನನ್ನ ತೋಳು ಹಿಡಿದುಕೊಂಡರು. ಗೌಡರು ಸುತ್ತ ನೋಡಿ, "ಆಸ್ಪತ್ರೆ ಅಂದ್ರೆ ಇಂಗಿರ್ಬೇಕು ಕಣ್ಲಾ. ಒಂದೀಟೂ ಔಸ್ದಿ ವಾಸ್ನೆ ಇಲ್ಲ" ಎಂದರು. ವರಾಂಡದಲ್ಲಿದ್ದ ಕಾವ್ಯ ಬಾಯಿಗೆ ದುಪಟ್ಟಾ ಒತ್ತಿಕೊಂಡು ಕೆಳಗೆ ಓಡಿದಳು. ಅದನ್ನು ಅಳು ಎಂದು ತಿಳಿದ ಪುಟ್ಟಮ್ಮಕ್ಕನ ಕಣ್ಣಲ್ಲೂ ನೀರು ಬಂತು.

ನಾನು ತಿರುಗಿ ನೋಡಿದೆ. ಮಂಜುಳ ಆಗಲೇ ಎದ್ದು ಕೂತು ಕೂದಲು ಕಟ್ಟುತ್ತಿದ್ದಳು. ಮುಖದ ಮೇಲಿದ್ದ ನಗು ಹೋಗಿತ್ತು. ಬೇಲಿಯಾಚೆಯ ದನಿ ನಲವತ್ತು ಕಿಲೋಮೀಟರು ದಾಟಿ ಬಂದಿತ್ತು, ಕರೆಸಿದವನು ನಾನೇ. ಅವಳು ನನ್ನನ್ನು ಬೈಯಲಿಲ್ಲ. "ಕೂತ್ಕಳಿ ಅಕ್ಕ, ಕಾಫಿ ತರಿಸ್ತೀನಿ" ಎಂದು ಚಪ್ಪಲಿ ಹುಡುಕತೊಡಗಿದಳು. ಅವಳ ಕಾಲು ಮಂಚದ ಕೆಳಗೆ ತಡಕಾಡುವುದನ್ನು ನೋಡಲು ನನ್ನಿಂದ ಆಗಲಿಲ್ಲ.

ನಿಜ ಹೇಳಿದ್ದರೆ ಮುಗಿಯುತ್ತಿತ್ತು. ಕಾಯಿಲೆ ಗೀಯಿಲೆ ಏನಿಲ್ಲ, ನಾವು ಸುಮ್ಮನೆ ಮಲಗಲು ಬಂದಿದ್ದೇವೆ ಎಂದು. ಆದರೆ ಹಾಗೆಂದರೆ ನನ್ನ ಮಾನ ಒಂದು ಕಡೆಗಿರಲಿ, 'ರಾಜಣ್ಣನ ಹೆಂಡ್ತಿ ಅಗಲೊತ್ತಲ್ಲಿ ಮನಗಕ್ಕೆ ಮದ್ದೂರಿಗೋಗಿದ್ಲು' ಎಂಬ ಸುದ್ದಿ ಸಂಜೆಯ ಬಸ್ಸಿಗೇ ಕಿರುಗಾವಲಿನಲ್ಲಿ ಇಳಿಯುತ್ತಿತ್ತು. ನಾನು ಮೆಲ್ಲಗೆ ಹೋಗಿ ಮಂಚದ ಮೇಲೆ ಮಲಗಿ, "ಅಯ್ಯಪ್ಪಾ" ಎಂದೆ. ಜೀವನದಲ್ಲಿ ಗಿರಾಕಿಯೊಬ್ಬನ ಮುಂದೆ ನಾನು ಮಲಗಿದ್ದು ಅದೇ ಮೊದಲು.

"ಎಂಗಾಯ್ತದ್ಲಾ? ನಾಳೆ ಒಳಿಕೆ ಬುಡದು ಆಪರೇಸನ್ಗಾ?" ಎಂದರು ಗೌಡರು.

"ತಲೆ ತಿರುಗ್ತದೆ ಕಣಣ್ಣ. ನೆಲನೇ ತೂಗ್ದಂಗಾಯ್ತದೆ. ಆಪರೇಸನ್ನು ಗೀಪರೇಸನ್ನು ಏನಿಲ್ಲ." ಇದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. "ಇವ್ಳೂ ಕಣ್ಮುಚ್ಚಿಲ್ಲ ಅಕ್ಕ" ಎಂದು ಸೇರಿಸಿದೆ. ಎಷ್ಟು ವರ್ಷದಿಂದ ಎಂದು ಹೇಳಲಿಲ್ಲ, ಅವರೂ ಕೇಳಲಿಲ್ಲ.

"ಪಿತ್ತ ಕಣ್ ಬುಡು ಇದು" ಎಂದು ಪುಟ್ಟಮ್ಮಕ್ಕ ತೀರ್ಪು ಕೊಟ್ಟು ಮಂಜುಳಳ ಕಡೆ ತಿರುಗಿದರು. "ನೋಡು, ಮುಖ ಎಂಗ್ ಬಾಡದೆ! ಇವ್ನ್ ನೋಡ್ಕಂಡು ನೀನ್ ಬಿದ್ದೋದ್ರೆ ಯಾರವ್ವ ಗತಿ? ಪಕ್ಕದ ರೂಮ್ಗೋಗಿ ಬಾಗ್ಲಾಕ್ಕಂಡು ಮನಿಕೊ. ನಾವಿಬ್ರೂ ಇಲ್ಲೇ ಕುಂತಿರ್ತೀವಿ."

ಮಂಜುಳ ಒಂದು ಕ್ಷಣ ನನ್ನನ್ನು ನೋಡಿದಳು. ನಾನು ಇನ್ನೊಮ್ಮೆ, ಸ್ವಲ್ಪ ಜೋರಾಗಿ, ನರಳಿದೆ. ಅವಳು ಎದ್ದು ಕಾವ್ಯಳ ರೂಮಿಗೆ ಹೋದಳು. ಚಿಲಕ ಬಿದ್ದ ಸದ್ದು ಕೇಳಿತು.

ಆಮೇಲೆ ನಾಲ್ಕು ಗಂಟೆ ಹೊತ್ತು ನಾನು ಅಲ್ಲಾಡಲಿಲ್ಲ. ಏಳಹೋದರೆ ಗೌಡರು "ಮನಿಕೊಳ್ಳಲಾ" ಎನ್ನುತ್ತಿದ್ದರು. ಫೋನು ಕಿತ್ತಿಟ್ಟುಕೊಂಡಿದ್ದರು. ಪುಟ್ಟಮ್ಮಕ್ಕ ಮೂಸಂಬಿ ಸುಲಿದು ಒಂದೊಂದೇ ತೊಳೆ ಬಾಯಿಗಿಡುತ್ತ, ಪಿತ್ತ ನೆತ್ತಿಗೇರಿ ಬೆಳಕವಾಡಿಯಲ್ಲಿ ತೀರಿಕೊಂಡ ನೆಂಟರ ಕತೆ ಹೇಳಿದರು. ಮಾತು ಒಮ್ಮೆ ಹತ್ತಿರ ಬರುತ್ತಿತ್ತು, ಒಮ್ಮೆ ಆ ರೈಲಿನ ಹಾಗೆ ಸಣ್ಣಗಾಗುತ್ತಿತ್ತು. ಗೋಡೆಯ ಮೇಲಿನ ನೆರಳು ಹಾಸಿಗೆಗೆ ಇಳಿದು ನನ್ನ ಕಾಲ ಮೇಲೆ ಹರಿಯಿತು. ಆಗ ಗೋಡೆಯಾಚೆಯಿಂದ ಒಂದು ಸದ್ದು ಕೇಳಿಸಿತು. ಹೊಸದಾಗಿ ಸುತ್ತಿದ ಮೋಟರು ಮೊದಲ ಸಲ ತಿರುಗಿದಾಗ ಬರುವಂಥ, ಒಂದೇ ಸಮನಾದ ಸದ್ದು. ಮಂಜುಳ ಗೊರಕೆ ಹೊಡೆಯುತ್ತಿದ್ದಳು. ಅವಳು ಗೊರಕೆ ಹೊಡೆಯುತ್ತಾಳೆಂದು ನನಗೆ ಗೊತ್ತೇ ಇರಲಿಲ್ಲ. ನಾನು ಮಲಗಿದ ಮೇಲೆ ಮಲಗಿ, ಏಳುವ ಮೊದಲೇ ಎದ್ದವಳ ನಿದ್ದೆಯನ್ನು ನಾನು ಎಲ್ಲಿ ಕೇಳಲಿ? ಕಣ್ಣು ಮುಚ್ಚಿ ಕೇಳುತ್ತ ಮಲಗಿದೆ. "ಒಸಿ ಇಳೀತು ಕಣಮ್ಮಿ, ನೋಡು" ಎಂದು ಗೌಡರು ಪಿಸುಗುಟ್ಟಿದರು.

ಅವರು ಐದರ ಬಸ್ಸಿಗೆ ಹೋದ ಮೇಲೆ ಮಂಜುಳ ಬಂದಳು. ಕೂದಲು ಕೆದರಿತ್ತು, ಕೆನ್ನೆಯ ಮೇಲೆ ದಿಂಬಿನ ಗೆರೆ ಬಿದ್ದಿತ್ತು. ಮಂಚದ ತುದಿಯಲ್ಲಿ ಕೂತು ಉಳಿದಿದ್ದ ಒಂದೇ ಮೂಸಂಬಿ ಸುಲಿದಳು. ನನಗಿರಬೇಕೆಂದು ಬಾಯಿ ತೆರೆದೆ. ಅವಳೇ ನಿಧಾನವಾಗಿ, ಕಿಟಕಿಯಾಚೆ ನೋಡುತ್ತ, ಪೂರ್ತಿ ತಿಂದಳು.

"ಏನ್ ಕಾಯಿಲೆ ಅಂದ್ರು ಪುಟ್ಟಮ್ಮಕ್ಕ?"

"ಪಿತ್ತ ಅಂತೆ."

"ಪಿತ್ತ ಒಂದೇ ಸಲಕ್ಕೆ ವಾಸಿ ಆಗದಲ್ಲ" ಎಂದು ಬೀಜ ಉಗುಳಿದಳು. "ವರ್ಸಕ್ಕೊಂದ್ ಸಲನಾದ್ರೂ ತಿರಗಾ ಬತ್ತದೆ."

ಊರಿಗೆ ಬಂದು ಈಗ ತಿಂಗಳಾಯಿತು. ಅಂಗಡಿಗೆ ಬಂದವರೆಲ್ಲ ಮೋಟರು ಇಳಿಸುವ ಮೊದಲು "ಉಸಾರಾದ್ಯಾ ರಾಜಣ್ಣ?" ಎಂದು ಕೇಳುತ್ತಾರೆ. ಮೈಯಲ್ಲಿ ಕಲ್ಲು ಜೀರ್ಣಿಸುವ ಶಕ್ತಿಯಿದೆ. ಆದರೂ ಹಣೆಯ ಮೇಲೆ ಕೈಯಿಟ್ಟುಕೊಂಡು, "ಪೂರ್ತಿ ಇನ್ನೂ ಇಲ್ಲ ಕಣಣ್ಣ" ಎನ್ನುತ್ತೇನೆ.